ಕೆರೆಗಳ ಲಂಕೆ

ಬೆಳಗಿನ ಆರೂವರೆ. ಸಿಗಿರಿಯದ ಹೊರಕಂದಕ ದಾಟಿ ಒಳಗೆ ಕಾಲಿಟ್ಟಿದ್ದೀರಿ. ಕಂದಕದ ನೀರು ಪಾಚಿಗಟ್ಟಿದೆ. ಅಂಚಿನಲ್ಲಿ ಮೊಸಳೆಯ ಬಗ್ಗೆ ಎಚ್ಚರಿಸುವ ಫಲಕ. ಎದುರಿಗೆ, ಸಮತಟ್ಟು ಕಾಡಿನ ನಡುವಿನಿಂದ, ಸುಮಾರು 200 ಮೀಟರ್ ಎತ್ತರದ ಕೆಂಬಂಡೆಯೊಂದು ನೆಟ್ಟಗೆ ಎದ್ದು ನಿಂತಿದೆ. ಎಳೆಬಿಸಿಲು ಅದರ ನೆತ್ತಿಯನ್ನಷ್ಟೇ ಮುಟ್ಟಿದೆ, ಬುಡದಲ್ಲಿ ಇನ್ನೂ ತಂಪು.

ತಿಂಗಳು ಆಗಸ್ಟ್. ನೈಋತ್ಯ ಮುಂಗಾರು ಕೊಲಂಬೊ, ಗಾಲೆ ಕಡೆ ಸುರಿದು, ಲಂಕೆಯ ನಡುಬೆಟ್ಟಗಳನ್ನು ಏರುವಷ್ಟರಲ್ಲಿ ನೀರೆಲ್ಲ ಕಳೆದುಕೊಂಡು, ಇಲ್ಲಿಗೆ ಬರೀ ಗಾಳಿಯಾಗಿ ತಲುಪಿದೆ. ಆಗುಂಬೆಯಲ್ಲಿ ಜಡಿದ ಮಳೆ ಚಿತ್ರದುರ್ಗಕ್ಕೆ ಯಾಕೆ ಬರುವುದಿಲ್ಲವೋ ಅದೇ ಕಾರಣ. ಈ ಸೀಮೆಗೆ ಮಳೆ ಬರುವುದು ಅಕ್ಟೋಬರ್ ಕಳೆದ ಮೇಲೆ, ಈಶಾನ್ಯ ಮಾರುತದ ಜೊತೆಗೆ. ಉಳಿದ ತಿಂಗಳು ನೆಲ ಒಣಗುತ್ತದೆ. ಕಡಲತೀರದ ತೆಂಗು, ಟೀ ತೋಟದ ಮಂಜು ಇರುವ ಲಂಕೆಯ ಚಿತ್ರವನ್ನು ಸ್ವಲ್ಪ ಹೊತ್ತು ಬದಿಗಿಡಿ. ಇಂದು ನೀವು ನಡೆಯುತ್ತಿರುವುದು ಬಯಲುಸೀಮೆಯಲ್ಲಿ.

ಬಂಡೆಯ ಕಡೆಗೆ ಹೋಗುವ ದಾರಿಯ ಎರಡೂ ಬದಿ ಕೊಳಗಳ ತೋಟ. ಇಟ್ಟಿಗೆಯ ಅಂಚು, ಮೆಟ್ಟಿಲು, ಒಂದು ಬದಿಯಲ್ಲಿದ್ದದ್ದು ಇನ್ನೊಂದು ಬದಿಯಲ್ಲೂ ಹಾಗೇ ಇದೆ. ಎಲ್ಲರೂ ಬಂಡೆ ನೋಡುತ್ತ ಬಿರಬಿರನೆ ನಡೆದುಬಿಡುತ್ತಾರೆ. ನೀವು ಒಂದು ಕಡೆ ನಿಂತು ಬಗ್ಗಿ. ದುಂಡನೆಯ ಸುಣ್ಣಕಲ್ಲಿನ ಬಿಲ್ಲೆ, ಅದರ ಮೈಯಲ್ಲಿ ಕ್ರಮವಾಗಿ ಕೊರೆದ ಸಣ್ಣ ತೂತುಗಳು. ಇದು ಕಾರಂಜಿ. ಎತ್ತರದಿಂದ ನೆಲದಡಿಯ ಕಾಲುವೆಯಲ್ಲಿ ಇಳಿದುಬಂದ ನೀರು ತನ್ನ ಒತ್ತಡದಿಂದಲೇ ಈ ತೂತುಗಳಲ್ಲಿ ಚಿಮ್ಮುತ್ತದೆ. ಈಗ ಒಣಗಿದೆ, ತೂತಿನಲ್ಲಿ ಇರುವೆ ಸಾಲು ಹರಿಯುತ್ತಿದೆ. ಮಳೆಗಾಲದಲ್ಲಿ ಬಂದವರಿಗೆ ಇಂದಿಗೂ ಇಲ್ಲಿ ನೀರು ಚಿಮ್ಮುವುದು ಕಾಣುತ್ತದೆ. ಪಂಪಿಲ್ಲ, ಮೋಟಾರಿಲ್ಲ. ಕಟ್ಟಿ 1,500 ವರ್ಷ ಕಳೆದಿದೆ.

ಕಟ್ಟಿಸಿದವನು ಕಾಶ್ಯಪ. ಅಪ್ಪ ಧಾತುಸೇನನಿಂದ ಸಿಂಹಾಸನ ಕಿತ್ತುಕೊಂಡು, ಅವನನ್ನು ಕೊಲ್ಲಿಸಿ, ಕ್ರಿ.ಶ. 477ರಲ್ಲಿ ದೊರೆಯಾದ. ಹಕ್ಕುದಾರನಾದ ತಮ್ಮ ಮೊಗ್ಗಲ್ಲಾನ ತಪ್ಪಿಸಿಕೊಂಡು ಭಾರತಕ್ಕೆ ಹೋದ. ಕಾಶ್ಯಪ ಹಳೆಯ ರಾಜಧಾನಿ ಅನುರಾಧಪುರ ಬಿಟ್ಟು ಇಲ್ಲಿಗೆ ಬಂದ.

ಮೆಟ್ಟಿಲು ಶುರು. ಮೊದಲು ದೊಡ್ಡ ಗುಂಡುಗಳ ನಡುವೆ, ಆಮೇಲೆ ಬಂಡೆಯ ಮೈಗೇ ಅಂಟಿಕೊಂಡು. 'ಸದ್ದು ಮಾಡಬೇಡಿ' ಎಂಬ ಬರಹ ಅಲ್ಲಲ್ಲಿ ಇದೆ. ಕತ್ತೆತ್ತಿ ನೋಡಿದರೆ ಕಾರಣ ಮೇಲೇ ತೂಗುತ್ತಿದೆ: ಬಂಡೆಯ ಚಾಚಿನ ಕೆಳಗೆ ಕರಿ ಹಲಗೆಗಳಂಥ ಹೆಜ್ಜೇನು ಗೂಡುಗಳು. ನಿಮ್ಮ ಮುಂದಿನವರ ಮಾತು ತಾನಾಗಿ ಇಳಿಯುತ್ತದೆ.

ಅರ್ಧ ದಾರಿಯಲ್ಲಿ ಸುರುಳಿ ಮೆಟ್ಟಿಲೇರಿ ಬಂಡೆಯ ಪೊಟರೆಯೊಳಗೆ ಹೊಗುತ್ತೀರಿ. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಒಬ್ಬೊಬ್ಬರಾಗಿ ಹೆಂಗಸರು ಕಾಣುತ್ತಾರೆ. ಸೊಂಟದ ಕೆಳಗೆ ಮೋಡ, ಕೈಯಲ್ಲಿ ಹೂವು, ತಲೆಯ ಮೇಲೆ ಆಭರಣದ ಭಾರ. ಕಾವಿ, ಹಳದಿ, ಹಸಿರು, ಇಷ್ಟೇ ಬಣ್ಣ. ಒಬ್ಬಳ ಕೈಯನ್ನು ಹತ್ತಿರದಿಂದ ನೋಡಿ: ಬೆರಳಿನ ಗೆರೆಯನ್ನು ಕಲಾವಿದ ಒಮ್ಮೆ ಎಳೆದು, ಒಪ್ಪದೆ, ಪಕ್ಕದಲ್ಲೇ ಮತ್ತೆ ಎಳೆದಿದ್ದಾನೆ. ಮೊದಲಿನ ಗೆರೆ ಪೂರ್ತಿ ಅಳಿದಿಲ್ಲ. ಇವರು ಅರಮನೆಯವರೋ ಅಪ್ಸರೆಯರೋ ಎಂಬ ಚರ್ಚೆ ಇನ್ನೂ ನಡೆದಿದೆ. 1967ರಲ್ಲಿ ಕಿಡಿಗೇಡಿಗಳು ಇವುಗಳ ಮೇಲೆ ಬಣ್ಣ ಎರಚಿದ್ದರು, ತಜ್ಞರು ಕಷ್ಟಪಟ್ಟು ಉಳಿಸಿದರು. ಇಲ್ಲಿ ಫೋಟೊ ತೆಗೆಯುವಂತಿಲ್ಲ. ಆ ನಿಯಮಕ್ಕೆ ತಲೆಬಾಗಿ, ಕಣ್ಣಲ್ಲಿ ತುಂಬಿಕೊಂಡು ಇಳಿಯಿರಿ.

ಇಳಿದರೆ ಕನ್ನಡಿ ಗೋಡೆ. ಇಟ್ಟಿಗೆಯ ಮೇಲೆ ಗಾರೆ ಬಳಿದು ಹೊಳಪು ಬರುವ ತನಕ ಉಜ್ಜಿದ ಗೋಡೆ. ಕಾಶ್ಯಪನ ಕಾಲ ಮುಗಿದ ಮೇಲೆ ಶತಮಾನಗಟ್ಟಲೆ ಇಲ್ಲಿಗೆ ಬಂದ ಯಾತ್ರಿಕರು, ಮೇಲಿನ ಹೆಂಗಸರನ್ನು ನೋಡಿ ಮನಸ್ಸು ಕದಡಿ, ಈ ಗೋಡೆಯ ಮೇಲೆ ಸಣ್ಣಸಣ್ಣ ಪದ್ಯ ಗೀಚಿ ಹೋಗಿದ್ದಾರೆ. ಪುರಾತತ್ವಜ್ಞ ಸೆನರತ್ ಪರಣವಿತಾನ ಅವರು ಅವುಗಳಲ್ಲಿ 685 ಪದ್ಯಗಳನ್ನು ಓದಿ, 1956ರಲ್ಲಿ ಪುಸ್ತಕವಾಗಿ ಹೊರತಂದರು. ಸಿಂಹಳ ಕಾವ್ಯದ ಅತಿ ಹಳೆಯ ಪದ್ಯಗಳಲ್ಲಿ ಇವೂ ಸೇರಿವೆ. ಬರೆದವರಲ್ಲಿ ಭಿಕ್ಷುಗಳಿದ್ದಾರೆ, ಹೆಂಗಸರೂ ಇದ್ದಾರೆ. ಇಂದು ಅದೇ ಗೋಡೆಯ ಮೇಲೆ ಹೆಸರು ಗೀಚಿದರೆ ಜೈಲು. ಅದು ಸರಿಯೇ.

ಇನ್ನೊಂದು ಸುತ್ತು ಏರಿದರೆ ಹುಲ್ಲಿನ ಅಂಗಳ. ಅಲ್ಲಿ ಇಟ್ಟಿಗೆ, ಗಾರೆಯಲ್ಲಿ ಮಾಡಿದ ಎರಡು ದೈತ್ಯ ಸಿಂಹಪಾದಗಳು. ಒಂದೊಂದು ಉಗುರು ನಿಮ್ಮ ಎದೆಯ ಹತ್ತಿರ ಬರುತ್ತದೆ. ಮೇಲಿನ ಸಿಂಹ ಬಿದ್ದುಹೋಗಿದೆ, ಪಾದಗಳ ನಡುವಿನ ಮೆಟ್ಟಿಲು ಉಳಿದಿದೆ. ಕೊನೆಯ ಏರು ಕಬ್ಬಿಣದ ಮೆಟ್ಟಿಲಿನದು. ಗಾಳಿ ಅಂಗಿಯನ್ನು ಹಿಡಿದು ಎಳೆಯುತ್ತದೆ. ಟೋಪಿ ಕೈಯಲ್ಲಿ ಹಿಡಿದುಕೊಳ್ಳಿ, ಕೆಳಗೆ ನೋಡಬೇಡಿ.

ನೆತ್ತಿ. ಅರಮನೆಯ ತಳಪಾಯ ಅಂತಸ್ತು ಅಂತಸ್ತಾಗಿ ಹರಡಿದೆ. ನಡುವೆ ಬಂಡೆಯಲ್ಲೇ ಕಡೆದ ಕೆರೆ. ಈ ಆಗಸ್ಟಿನಲ್ಲೂ ಅದರಲ್ಲಿ ನೀರಿದೆ. ಎಲ್ಲರೂ ಉತ್ತರದ ಪಿದುರಂಗಲ ಬಂಡೆಯತ್ತ ಕ್ಯಾಮೆರಾ ತಿರುಗಿಸಿದ್ದಾರೆ. ನೀವು ಸುತ್ತ ಕಣ್ಣು ಹಾಯಿಸಿ. ಕಾಡು, ಕಾಡು, ಮತ್ತೆ ಕಾಡು. ಅದರೊಳಗೆ ಅಲ್ಲಿ ಒಂದು ಹೊಳಪು, ಇಲ್ಲಿ ಒಂದು ಹೊಳಪು. ಒಂದೊಂದೂ ಕೆರೆ. ಒಂದೂ ತಾನಾಗಿ ಆದದ್ದಲ್ಲ. ಈ ಸೀಮೆಯಲ್ಲಿ ನಿಂತ ನೀರು ಕಂಡಿತೆಂದರೆ, ಯಾರೋ ಏರಿ ಕಟ್ಟಿ ನಿಲ್ಲಿಸಿದ್ದಾರೆ ಎಂದೇ ತಿಳಿಯಬೇಕು.

ಇಲ್ಲಿ ನಿಂತು ಧಾತುಸೇನನನ್ನು ನೆನೆಯಬೇಕು. ನಿನ್ನ ಸಂಪತ್ತು ಎಲ್ಲಿದೆ ತೋರಿಸು ಎಂದು ಕಾಶ್ಯಪ ಪೀಡಿಸಿದಾಗ, ಮುದಿ ದೊರೆ ತನ್ನನ್ನು ಕಲಾವೆವಕ್ಕೆ ಕರೆದೊಯ್ಯಿರಿ ಎಂದನಂತೆ. ಅದು ಅವನೇ ಕಟ್ಟಿಸಿದ ಮಹಾಕೆರೆ. ನೀರಿಗಿಳಿದು, ಮಿಂದು, ಬೊಗಸೆಯಲ್ಲಿ ನೀರು ಎತ್ತಿ, ನನ್ನ ಸಂಪತ್ತೆಲ್ಲ ಇದೇ ಎಂದನೆಂದು ಪುರಾತನ ಚರಿತ್ರೆ ಹೇಳುತ್ತದೆ. ಮಗನಿಗೆ ಆ ಮಾತು ಹಿಡಿಸಲಿಲ್ಲ. ಅಪ್ಪ ಸತ್ತ. ಹದಿನೆಂಟು ವರ್ಷಗಳ ನಂತರ, 495ರಲ್ಲಿ, ಮೊಗ್ಗಲ್ಲಾನ ಸೈನ್ಯ ತಂದ. ಯುದ್ಧದಲ್ಲಿ ಕಾಶ್ಯಪನ ಆನೆ ಎದುರಿಗೆ ಕೆಸರು ಕಂಡು ಪಕ್ಕಕ್ಕೆ ತಿರುಗಿತು. ದೊರೆ ಹಿಮ್ಮೆಟ್ಟಿದನೆಂದು ತಿಳಿದು ಸೈನ್ಯ ಚದುರಿತು. ಕಾಶ್ಯಪ ತನ್ನ ಕತ್ತನ್ನು ತಾನೇ ಕೊಯ್ದುಕೊಂಡ. ಅರಮನೆ ಭಿಕ್ಷುಗಳ ಪಾಲಾಯಿತು, ಆಮೇಲೆ ಕಾಡಿನ ಪಾಲಾಯಿತು. ಅಪ್ಪನ ಕಲಾವೆವ ಮಾತ್ರ ಇವತ್ತಿಗೂ ಗದ್ದೆಗೆ ನೀರುಣಿಸುತ್ತಿದೆ. ಅದರಿಂದ ಅನುರಾಧಪುರದ ಕಡೆಗೆ ಹೊರಟ ಯೋಧ ಎಲ ಎಂಬ ಹಳೆಯ ಕಾಲುವೆ ಸುಮಾರು 87 ಕಿ.ಮೀ. ಹರಿಯುತ್ತದೆ. ಮೊದಲ ಹರಿವಿನಲ್ಲಿ ಅದರ ಇಳಿಜಾರು ಮೈಲಿಗೆ ಆರು ಅಂಗುಲದಷ್ಟೇ. ಇಂದಿನ ಸರ್ವೆ ಉಪಕರಣಗಳಿಲ್ಲದೆ ಆ ಅಳತೆ ಹಿಡಿದವರು ಯಾರೆಂದು ಯಾವ ಶಾಸನವೂ ಹೇಳುವುದಿಲ್ಲ.

ಕೆಳಗಿಳಿಯುವಷ್ಟರಲ್ಲಿ ಬಿಸಿಲು ಏರಿದೆ. ದಾರಿಬದಿಯಲ್ಲಿ ಕಿತ್ತಳೆ ಬಣ್ಣದ ತೆಂಬಿಲಿ ಎಳನೀರಿನ ಗೊನೆ. ಒಂದು ಕುಡಿದು ವ್ಯಾನು ಹತ್ತಿ. ಹಬರಣ ದಾಟಿ ಪೂರ್ವಕ್ಕೆ, ಪೊಲೊನ್ನರುವದ ಕಡೆಗೆ. ಎಡಕ್ಕೆ, ಬಲಕ್ಕೆ ಗದ್ದೆ, ಕೊಕ್ಕರೆ, ತೆಂಗು, ಮತ್ತೆ ಗದ್ದೆ. ಬೇಲಿಗೆ ವಿದ್ಯುತ್ ತಂತಿ, ಮರದ ಮೇಲೆ ಆನೆ ಕಾಯುವ ಅಟ್ಟಣೆ. ಕೊಡಗು, ಹಾಸನದ ರೈತರಿಗೆ ಈ ಅಟ್ಟಣೆಯ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ.

ಊಟಕ್ಕೆ ಹಳ್ಳಿಯ ಮನೆಯೊಂದರ ಮುಂದೆ ನಿಲ್ಲುತ್ತೀರಿ. ತಾವರೆ ಎಲೆಯ ಮೇಲೆ ಕೆಂಪಕ್ಕಿ ಅನ್ನ. ಸುತ್ತ ಮಣ್ಣಿನ ಗಡಿಗೆಗಳು: ಬೇಳೆಯ ಪರಿಪ್ಪು, ಎಳೆಹಲಸಿನ ಪಲ್ಯ, ತೆಂಗಿನಕಾಯಿಗೆ ಮೆಣಸಿನಕಾಯಿ ಸೇರಿಸಿ ಕುಟ್ಟಿದ ಪೊಲ್ ಸಂಬೋಲ, ತಾವರೆ ದಂಟಿನ ಗೊಜ್ಜು, ಕೆರೆಮೀನಿನ ಸಾರು. ಹೆಚ್ಚಿದ ಒಂದೆಲಗಕ್ಕೆ ತೆಂಗಿನತುರಿ, ನಿಂಬೆರಸ ಬೆರೆಸಿದ್ದನ್ನು ಬಾಯಿಗಿಟ್ಟರೆ ಮಲೆನಾಡಿನವರಿಗೆ ಊರ ತಂಬುಳಿ ನೆನಪಾಗುತ್ತದೆ. ಬಡಿಸುವ ಅಕ್ಕ ಕೊನೆಗೆ ಎಮ್ಮೆಮೊಸರಿನ ಕುಡಿಕೆ ತಂದು, ಮೇಲೆ ಬೈನೆ ಮರದ ಬೆಲ್ಲದ ಪಾಕ ಸುರಿಯುತ್ತಾಳೆ. ಎಲೆಯ ಮೇಲೊಮ್ಮೆ ಕಣ್ಣಾಡಿಸಿ. ಅಕ್ಕಿ ಕೆರೆಯ ಅಚ್ಚುಕಟ್ಟಿನದು. ಮೀನು ಕೆರೆಯದು. ದಂಟು, ಎಲೆ ಕೆರೆಯವು. ಆ ಎಮ್ಮೆಯೂ ಮಧ್ಯಾಹ್ನಕ್ಕೆ ಕೆರೆಯಲ್ಲೇ ಮಲಗುತ್ತದೆ. ಕೈತೊಳೆದು ಏಳುವಾಗ ಸಿಗಿರಿಯದ ನೆತ್ತಿಯಿಂದ ಕಂಡ ಹೊಳಪುಗಳು ಏನೆಂದು ಹೊಟ್ಟೆಗೇ ತಿಳಿದಿರುತ್ತದೆ.

ಪೊಲೊನ್ನರುವ. ಚೋಳರು 993ರ ಹೊತ್ತಿಗೆ ಅನುರಾಧಪುರವನ್ನು ಕೆಡವಿ, ಈ ಊರನ್ನು ತಮ್ಮ ನೆಲೆ ಮಾಡಿಕೊಂಡರು. ಅವರು ಬಿಟ್ಟುಹೋದ ಪುಟ್ಟ ಶಿವಗುಡಿಯ ಮುಂದೆ ಚಪ್ಪಲಿ ಬಿಡಿ. ಪೂರ್ತಿ ಕಲ್ಲಿನ ಕಟ್ಟಡ, ಗರ್ಭಗುಡಿಯಲ್ಲಿ ಲಿಂಗ, ಅದರ ನೆತ್ತಿಯ ಮೇಲೆ ಇಂದು ಬೆಳಗಿನ ಹೂವು. ಪೂಜೆ ನಿಂತಿಲ್ಲ. ಸಿಂಹಳ ದೊರೆ ವಿಜಯಬಾಹು 1070ರಲ್ಲಿ ಚೋಳರನ್ನು ಓಡಿಸಿದ. ಅವನಿಗೆ ಕನ್ನಡನಾಡಿನ ಸ್ನೇಹ ಬೇಕಿತ್ತು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನೂ ಚೋಳರ ಎದುರಾಳಿಯೇ. ವಿಜಯಬಾಹು ಕಾಣಿಕೆ ಕೊಟ್ಟು ರಾಯಭಾರಿಗಳನ್ನು ಕಳಿಸಿದ. ದಾರಿಯಲ್ಲಿ ಚೋಳರು ಅವರನ್ನು ಹಿಡಿದು ಕಿವಿ, ಮೂಗು ಕೊಯ್ದರೆಂದು ಲಂಕೆಯ ಚರಿತ್ರೆ ಚೂಳವಂಶ ದಾಖಲಿಸಿದೆ. ಬಸವಕಲ್ಯಾಣದ ಹೆಸರು ಈ ದೂರದ ಊರಿನ ದುಃಖದೊಂದಿಗೆ ಹೀಗೆ ಸೇರಿಕೊಂಡಿದೆ.

ಇಲ್ಲಿಂದ ಗಲ್ ವಿಹಾರಕ್ಕೆ. ಮರಗಳ ನೆರಳು ಮುಗಿದು ಬಯಲಿಗೆ ಬಂದಾಗ ಅಂಗಾಲು ಸುಡುತ್ತದೆ. ಕಾಲುಚೀಲ ಇದ್ದರೆ ಹಾಕಿಕೊಳ್ಳಿ, ತಡೆಯಿಲ್ಲ. ಒಂದೇ ಉದ್ದನೆಯ ಬಂಡೆ, ಅದರಲ್ಲಿ ನಾಲ್ಕು ಬುದ್ಧರು. ಕೂತವರು ಇಬ್ಬರು, ನಿಂತವನೊಬ್ಬ, ಮಲಗಿದವನೊಬ್ಬ. ಮಲಗಿದವನ ಉದ್ದ ಸುಮಾರು 14 ಮೀಟರ್. ಸಿಂಹಳ ದೊರೆ ಮೊದಲ ಪರಾಕ್ರಮಬಾಹು 12ನೇ ಶತಮಾನದಲ್ಲಿ ಕೆತ್ತಿಸಿದ್ದು.

ಹತ್ತಿರ ಹೋಗಿ. ಬಂಡೆಯೊಳಗಿನ ಕಪ್ಪು, ಬಿಳಿ ಎಳೆಗಳು ಮುಖದ ಮೇಲಿಂದ, ಕತ್ತಿನ ಮೇಲಿಂದ ಅಲೆಯಾಗಿ ಹಾದುಹೋಗಿವೆ. ಶಿಲ್ಪಿ ಆ ಎಳೆಯ ಜೊತೆಗೇ ಉಳಿ ನಡೆಸಿದ್ದಾನೆ. ತಲೆದಿಂಬನ್ನು ನೋಡಿ: ತಲೆಯ ಭಾರಕ್ಕೆ ದಿಂಬು ಸ್ವಲ್ಪ ತಗ್ಗಿದೆ. ಕಲ್ಲು ತಗ್ಗಿದೆ! ಇನ್ನು ಪಾದಗಳ ಕಡೆ ಬನ್ನಿ. ಎರಡು ಪಾದ ಸರಿಸಮ ಕೂತಿಲ್ಲ, ಮೇಲಿನದು ಒಂದಿಷ್ಟು ಹಿಂದೆ ಸರಿದಿದೆ. ನಿದ್ದೆಯಲ್ಲಿದ್ದರೆ ಪಾದ ಜೋಡಿಯಾಗಿರುತ್ತದೆ, ಸರಿದಿದ್ದರೆ ಅದು ಪರಿನಿರ್ವಾಣ ಎನ್ನುತ್ತಾರೆ ಇಲ್ಲಿಯವರು. ಪಕ್ಕದಲ್ಲಿ ನಿಂತವನು ಎದೆಯ ಮೇಲೆ ಕೈ ಕಟ್ಟಿದ್ದಾನೆ. ಬಿಳಿ ಬಟ್ಟೆಯುಟ್ಟ ಅಜ್ಜಿಯೊಬ್ಬರು ನೀಲಿ ನೈದಿಲೆಯ ಎಸಳು ಬಿಡಿಸಿ ಇಟ್ಟು, ಮಂಡಿಯೂರಿ ಕೂತಿದ್ದಾರೆ. ಬುದ್ಧನಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳುವುದು ಇಲ್ಲಿಯವರಿಗೆ ನೋವು ಕೊಡುತ್ತದೆ. ಭುಜ, ಮಂಡಿ ಮುಚ್ಚುವ ಬಟ್ಟೆ ತೊಡುವುದೂ ಇದೇ ಗೌರವದ ಭಾಗ.

ಈ ಪರಾಕ್ರಮಬಾಹು ಕಲ್ಲಿನಷ್ಟೇ ನೀರನ್ನೂ ಪ್ರೀತಿಸಿದ. ಆಕಾಶದಿಂದ ಬಿದ್ದ ಹನಿ ಜನರ ಉಪಯೋಗಕ್ಕೆ ಬಾರದೆ ಕಡಲು ಸೇರಬಾರದು ಎಂಬುದು ಅವನ ಸಂಕಲ್ಪವಾಗಿತ್ತು. ಊರಿನ ಪಶ್ಚಿಮಕ್ಕೆ ಅವನು ಕಟ್ಟಿದ ಪರಾಕ್ರಮ ಸಮುದ್ರದ ಏರಿ ಸುಮಾರು 14 ಕಿ.ಮೀ. ಉದ್ದ. ವ್ಯಾನಿನಿಂದ ಇಳಿದು ಏರಿಯ ಮೇಲೆ ನಡೆಯಿರಿ. ಎಡಕ್ಕೆ ನೀರು, ನೀರುಕಾಗೆ, ತೆಪ್ಪದ ಮೇಲೆ ಬಲೆ ಬೀಸುವವ. ಬಲಕ್ಕೆ, ನಿಮ್ಮ ಕಾಲಿಗಿಂತ ಎಷ್ಟೋ ಕೆಳಗೆ, ಕಣ್ಣಿಗೆ ಎಟುಕುವ ತನಕ ಭತ್ತ. ಎರಡರ ನಡುವೆ ನೀವು ನಿಂತಿರುವ ಈ ಮಣ್ಣು. ಏರಿಯ ಬದಿಯ ಬಂಡೆಯಲ್ಲಿ ಹನ್ನೊಂದು ಅಡಿ ಎತ್ತರದ ಗಡ್ಡದ ಪುರುಷನ ವಿಗ್ರಹವಿದೆ. ಕೈಯಲ್ಲಿ ಏನನ್ನೋ ಹಿಡಿದಿದ್ದಾನೆ. ಕೆಲವರು ತಾಳೆಗರಿಯ ಗ್ರಂಥ ಎನ್ನುತ್ತಾರೆ, ಕೆಲವರು ರಾಜ್ಯಭಾರದ ನೊಗ ಎನ್ನುತ್ತಾರೆ. ಇವನೇ ಪರಾಕ್ರಮಬಾಹು ಎಂದು ಊರು ನಂಬಿದೆ.

ನಮ್ಮ ಕಡೆ ಕೆರೆಗೆ ಏರಿ, ತೂಬು, ಕೋಡಿ ಇದ್ದ ಹಾಗೆ ಇಲ್ಲೂ ಇವೆ. ಅದರ ಜೊತೆಗೆ ಬಿಸೋಕೊಟುವ ಎಂಬ ಒಂದು ಏರ್ಪಾಡು. ಏರಿಯೊಳಗೆ ಚೌಕನೆಯ ಕಲ್ಲಿನ ಬಾವಿ. ದೊಡ್ಡ ಕೆರೆಯ ನೀರು ರಭಸದಿಂದ ತೂಬಿಗೆ ನುಗ್ಗಿದರೆ ಏರಿಯನ್ನೇ ಕೊರೆದುಬಿಡುತ್ತದೆ. ಆ ರಭಸವನ್ನು ಈ ಬಾವಿ ಮೊದಲು ತನ್ನೊಳಗೆ ತೆಗೆದುಕೊಂಡು, ಇಳಿಸಿ, ಬೇಕಾದಷ್ಟನ್ನೇ ಮುಂದೆ ಬಿಡುತ್ತದೆ. ಬ್ರಿಟಿಷರ ಕಾಲದಲ್ಲಿ ನೀರಾವರಿ ಎಂಜಿನಿಯರ್ ಆಗಿದ್ದ ಹೆನ್ರಿ ಪಾರ್ಕರ್ ಇದನ್ನು ಅಳೆದು ನೋಡಿ, ಇದು ಸಿಂಹಳೀಯರ ಸ್ವಂತ ಆವಿಷ್ಕಾರವೆಂದು ಬರೆದ. ಹದಿಮೂರನೇ ಶತಮಾನದಲ್ಲಿ ಕಳಿಂಗದ ಮಾಘನ ದಾಳಿಯ ನಂತರ ರಾಜ್ಯ ಕುಸಿಯಿತು. ಏರಿಗಳು ಒಡೆದವು, ಜನ ಗುಳೆ ಹೋದರು, ಕಾಡು, ಮಲೇರಿಯಾ ಸೇರಿಕೊಂಡವು. 1930ರ ದಶಕದಲ್ಲಿ, ಮುಂದೆ ದೇಶದ ಮೊದಲ ಪ್ರಧಾನಿಯಾದ ಡಿ. ಎಸ್. ಸೇನಾನಾಯಕರು ಕೃಷಿ ಮಂತ್ರಿಯಾಗಿದ್ದಾಗ ರೈತರನ್ನು ಮತ್ತೆ ಇಲ್ಲಿಗೆ ತಂದು ನೆಲೆಗೊಳಿಸಿದರು.

ಮಧ್ಯಾಹ್ನ ಮೂರೂವರೆ. ಬಂದ ದಾರಿಯಲ್ಲೇ ಹಿಂದಿರುಗಿ, ಮಿನ್ನೇರಿಯದಲ್ಲಿ ತೆರೆದ ಜೀಪು ಹತ್ತುತ್ತೀರಿ. ಒಣಕಾಡಿನ ಕೆಂಪು ಧೂಳು, ಮುಖಕ್ಕೆ ಬಡಿಯುವ ಕೊಂಬೆ. ಇದ್ದಕ್ಕಿದ್ದಂತೆ ಕಾಡು ಮುಗಿಯುತ್ತದೆ. ಎದುರಿಗೆ ಅಷ್ಟಗಲ ಹಸಿರು ಬಯಲು, ಅದರಾಚೆ ದೂರದಲ್ಲಿ ನೀರು. ಬಯಲಿನ ತುಂಬ ಆನೆ.

ಎಣಿಸಲು ಹೋಗಿ ಬಿಟ್ಟುಬಿಡುತ್ತೀರಿ. ಒಂದು ಹಿಂಡು ನೀರಿನ ಅಂಚಿನಲ್ಲಿ, ಇನ್ನೊಂದು ಎಡಕ್ಕೆ, ಕಾಡಿನ ಗೆರೆಯಿಂದ ಮೂರನೆಯದು ಸಾಲಾಗಿ ಹೊರಬರುತ್ತಿದೆ. ಒಳ್ಳೆಯ ವರ್ಷಗಳಲ್ಲಿ ಇಲ್ಲಿ ಇನ್ನೂರು, ಮುನ್ನೂರು ಆನೆ ಸೇರುತ್ತವೆ. ಏಷ್ಯಾದ ಆನೆಗಳು ಇಷ್ಟು ಸಂಖ್ಯೆಯಲ್ಲಿ ಒಂದೆಡೆ ಕಾಣುವ ಜಾಗ ಬೇರೆ ಕಡೆ ಸಿಗುವುದು ಕಷ್ಟ. ನಾಗರಹೊಳೆಯ ಸಲಗ ನೋಡಿದ ಕಣ್ಣು ದಂತ ಹುಡುಕುತ್ತದೆ. ಲಂಕೆಯ ಗಂಡಾನೆಗಳಲ್ಲಿ ದಂತವಿರುವುದು ಬಲು ಅಪರೂಪ.

ಹತ್ತಿರದ ಹೆಣ್ಣಾನೆಯ ಮುಂಗಾಲನ್ನೇ ನೋಡುತ್ತಿರಿ. ಹುಲ್ಲು ತೀರಾ ಗಿಡ್ಡ, ಸೊಂಡಿಲಿಗೆ ಸಿಕ್ಕುವುದಿಲ್ಲ. ಅವಳು ಉಗುರಿನ ಅಂಚಿನಿಂದ ನೆಲವನ್ನು ಒದ್ದು ಒದ್ದು ಹುಲ್ಲಿನ ಬುಡ ಸಡಿಲಿಸುತ್ತಾಳೆ. ಸೊಂಡಿಲಿನಿಂದ ಗುಡಿಸಿ ಒಂದು ಹಿಡಿ ಮಾಡುತ್ತಾಳೆ. ಬಾಯಿಗಿಡುವ ಮೊದಲು ಆ ಹಿಡಿಯನ್ನು ತನ್ನ ಮೊಣಕಾಲಿಗೆ ಬಡಿದು ಮಣ್ಣು ಉದುರಿಸುತ್ತಾಳೆ. ಪಟ್, ಪಟ್. ಮಗ್ಗುಲಲ್ಲಿ ನಿಂತ ಮರಿಯೂ ಕಾಲು ಒದೆಯುತ್ತದೆ. ಹುಲ್ಲು ಏಳುವುದಿಲ್ಲ. ಅದು ಅವಳ ಬಾಯಿಂದ ಕೆಳಗೆ ಬಿದ್ದದ್ದನ್ನು ಹೆಕ್ಕಿ ತಿನ್ನುತ್ತದೆ.

ಈ ಹಸಿರು ಬಯಲು ಕೆರೆಯ ಅಂಗಳ. ಮಿನ್ನೇರಿಯ ಕೆರೆಯನ್ನು ಕಟ್ಟಿದವನು ದೊರೆ ಮಹಾಸೇನ, ಕ್ರಿ.ಶ. 3ನೇ ಶತಮಾನದ ಕೊನೆಗೆ. ಜನ ಅವನನ್ನು ಮಿನ್ನೇರಿಯ ದೇವರೆಂದು ಇಂದಿಗೂ ಪೂಜಿಸುತ್ತಾರೆ. ಈ ಒಣ ತಿಂಗಳುಗಳಲ್ಲಿ ರೈತರಿಗಾಗಿ ತೂಬು ಎತ್ತಿದಂತೆ ನೀರು ಹಿಂದೆ ಸರಿಯುತ್ತದೆ. ನೀರು ಬಿಟ್ಟ ತೇವದ ನೆಲದಲ್ಲಿ ಎಳೆಹುಲ್ಲು ಚಿಗುರುತ್ತದೆ. ಸುತ್ತಲ ಕಾಡೆಲ್ಲ ಒಣಗಿದಾಗ ಆನೆಗಳು ಆ ಹುಲ್ಲಿಗೆ, ಆ ನೀರಿಗೆ ಬರುತ್ತವೆ. ಬೇಸಿಗೆಯ ಕಬಿನಿ ಹಿನ್ನೀರಿನಲ್ಲಿ ನಾವು ನೋಡುವುದೂ ಇದೇ. ಕೆಳಗಿನ ಭತ್ತ, ಮೇಲಿನ ಆನೆ, ಎರಡನ್ನೂ ಸಾಕುತ್ತಿರುವುದು 1,700 ವರ್ಷ ಹಳೆಯ ಒಂದು ಏರಿ. 'ಪ್ರಕೃತಿ ತಾಣ', 'ಸಂಸ್ಕೃತಿ ತಾಣ' ಎಂದು ಪ್ರವಾಸಿ ಪುಸ್ತಕ ಎರಡು ಅಧ್ಯಾಯ ಮಾಡುತ್ತದೆ. ಮಿನ್ನೇರಿಯದಲ್ಲಿ ನಿಂತವರಿಗೆ ಆ ವಿಂಗಡಣೆ ಸುಳ್ಳೆಂದು ಕಣ್ಣಾರೆ ಕಾಣುತ್ತದೆ.

ಆದ್ದರಿಂದಲೇ ಇದು ಸುಲಭವಾಗಿ ಕೆಡುವಂಥದ್ದು. ಮೊರಗಹಕಂದದ ಹೊಸ ಜಲಾಶಯದ ನೀರು ಹೊತ್ತಲ್ಲದ ಹೊತ್ತಿನಲ್ಲಿ ಬಂದು ಕೆರೆ ತುಂಬಿದರೆ ಹುಲ್ಲು ಮುಳುಗುತ್ತದೆ, ಆನೆಗಳು ಬರಿಹೊಟ್ಟೆಯಲ್ಲಿ ಬೇರೆಡೆ ಹೋಗುತ್ತವೆ. ಇತ್ತೀಚಿನ ಕೆಲವು ವರ್ಷಗಳಲ್ಲಿ ಹೀಗಾಗಿದೆ. ಜೀಪುಗಳ ಹಾವಳಿಯೂ ಕಡಿಮೆಯಿಲ್ಲ. ಈಗಲೇ ನೋಡಿ, ಹಿಂಡೊಂದರ ಸುತ್ತ ಹತ್ತಾರು ಜೀಪು ಮುತ್ತಿವೆ. ಒಂದು ತಾಯಿ ಕಿವಿ ಅಗಲಿಸಿ ಮರಿಯನ್ನು ಕಾಲುಗಳ ನಡುವೆ ಎಳೆದುಕೊಂಡಿದೆ. ಚಾಲಕ ನಿಮ್ಮ ಮುಖ ನೋಡಿ, 'ಇನ್ನೂ ಹತ್ತಿರ ಹೋಗೋಣವಾ ಸರ್?' ಎಂದು ಕೇಳುತ್ತಾನೆ. ಬೇಡ ಎನ್ನಿ. ದೂರ ನಿಲ್ಲಿಸಿ ಎಂಜಿನ್ ಆರಿಸಲು ಹೇಳಿ. ಅವನು ಹತ್ತಿರ ಹೋಗುವುದು ಪ್ರವಾಸಿಗಳನ್ನು ಮೆಚ್ಚಿಸಲಿಕ್ಕೆ. ನೀವು ಬೇಡವೆಂದರೆ ಅವನಿಗೂ ನಿರಾಳ.

ಲಂಕೆಗೆ ಹೊರಟವರಲ್ಲಿ ಒಂದು ಮಾತು. ಆನೆ ನೋಡಬೇಕಿದ್ದರೆ ಆಗಸ್ಟ್, ಸೆಪ್ಟೆಂಬರ್ ಒಳ್ಳೆಯದು. ತುಂಬಿದ ಕೆರೆ, ಚಿಮ್ಮುವ ಕಾರಂಜಿ ನೋಡಬೇಕಿದ್ದರೆ ಈಶಾನ್ಯ ಮಾರುತದ ಮಳೆಯ ಹೊತ್ತಿಗೆ ಹೋಗಿ. ಕಡಲತೀರಕ್ಕೆ ಇಟ್ಟುಕೊಂಡ ದಿನಗಳಲ್ಲಿ ಎರಡನ್ನು ಈ ಒಣಸೀಮೆಗೆ ಕೊಡಿ. ಮಂಡಿನೋವಿದ್ದರೆ ಸಿಗಿರಿಯವನ್ನು ಕೆಳಗಿನಿಂದಲೇ ನೋಡಿ ಬಂದರೂ ಅಡ್ಡಿಯಿಲ್ಲ. ಯಾವುದಾದರೂ ಒಂದು ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಡೆಯದೆ ಮಾತ್ರ ಬರಬೇಡಿ.